ಮೊದಲು ಕಿಂಡಿ ಮುಚ್ಚಿ, ಬೋನು ಆಮೇಲೆ

ಇಲಿ ಕಂಡ ಮರುದಿನವೇ ಅಂಗಡಿಗೆ ಓಡಿ ವಿಷದ ಪೊಟ್ಟಣ ತರುವ ಈಗಿನವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಧಾರವಾಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮಹಡಿಯ ಹುಡುಗಿಯೊಬ್ಬಳು ಸಿಂಕಿನ ಕೆಳಗೆ ವಿಷದ ಬಿಲ್ಲೆ ಇಟ್ಟಳು. ತಿಂದ ಇಲಿ ಅಲ್ಲೇ ಸಾಯಲಿಲ್ಲ, ಕೊಳವೆಗಳು ಇಳಿಯುವ ಡಕ್ಟಿನೊಳಗೆ ಹೋಗಿ ಸತ್ತಿತು. ಎಲ್ಲ ಮಹಡಿಗಳ ಬಚ್ಚಲಲ್ಲೂ ನಾತ ತುಂಬಿಕೊಂಡಿತು. ಅಂಥ ಇಲಿಯನ್ನು ಬೆಕ್ಕೋ ಗೂಬೆಯೋ ತಿಂದರೆ ವಿಷ ಅವಕ್ಕೂ ಏರುತ್ತದೆ. ಅಂಬೆಗಾಲಿಡುವ ಕೂಸಿರುವ ಮನೆಯಲ್ಲಂತೂ ಅದನ್ನು ಹೊಸಿಲು ದಾಟಿಸಲೇಬಾರದು. ಇಷ್ಟೆಲ್ಲ ಮಾಡಿದ ಮೇಲೂ ಇಲಿ ಬಂದ ದಾರಿ ಹಾಗೇ ತೆರೆದಿತ್ತು! ಬಸುರಿ ಇಲಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಮ್ಮೆಗೆ ಐದಾರು. ಕೊಂದು ಮುಗಿಸುತ್ತೇನೆಂದರೆ ಆಗುವ ಮಾತಲ್ಲ.

ಸುಗ್ಗಿಯಲ್ಲಿ ಜೋಳ ಕೊಯ್ದು ಹೊಲ ಬರಿದಾದಾಗ, ಮತ್ತೆ ಮಳೆಗಾಲದಲ್ಲಿ ಎರೆಹೊಲದ ಬಿಲಗಳಿಗೆ ನೀರು ನುಗ್ಗಿದಾಗ ಅವು ಮನೆ ಹುಡುಕಿಕೊಂಡು ಬರುತ್ತವೆ. ಊರಂಚಿನ ಹೊಸ ಬಡಾವಣೆಗಳೆಲ್ಲ ನಿನ್ನೆ ಮೊನ್ನೆಯವರೆಗೆ ಹೊಲಗಳೇ ಆಗಿದ್ದವು. ಅಲ್ಲಿ ಮನೆ ಕಟ್ಟಿದವರು ಈ ಎರಡೂ ಕಾಲಕ್ಕೆ ಮುಂಚೆ ಗೋಡೆ ನೋಡಿಕೊಳ್ಳಬೇಕು. ನೋಡುವುದು ಹೇಗೆ? ಮಕ್ಕಳ ಪೆನ್ಸಿಲ್ ಹಿಡಿದುಕೊಂಡು ಸುತ್ತಿ. ಪೆನ್ಸಿಲ್ ತೂರುವ ಸಂದಿನಲ್ಲಿ ಚಿಟ್ಟಿಲಿ ತೂರುತ್ತದೆ, ಆರೇಳು ಮಿಲಿಮೀಟರ್ ಇದ್ದರೆ ಅದಕ್ಕೆ ಸಾಕು. ಗ್ಯಾಸ್ ಕೊಳವೆ ಒಳಬರುವ ತೂತು, ಸಿಂಕಿನ ಹಿಂದಿನ ಗೋಡೆ, ವಾಷಿಂಗ್ ಮಷೀನಿನ ನೀರು ಹೋಗುವ ಕಡೆ, ಹಿಂಬಾಗಿಲ ಅಡಿ, ಇವನ್ನು ಬಗ್ಗಿ ನೋಡಬೇಕು. ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಕೊಳವೆಯ ಸುತ್ತ ನಲ್ಲಿ ಕೆಲಸದವರು ಹೊಳೆಯುವ ತಗಡಿನ ಬಿಲ್ಲೆ ಕೂಡಿಸಿ ಹೋಗಿರುತ್ತಾರಲ್ಲ, ಅದನ್ನು ಸರಿಸಿ ನೋಡಿ. ಅದರ ಹಿಂದೆಯೇ ಹೆಬ್ಬೆರಳು ಹೋಗುವಷ್ಟು ಬಾಯಿ ಇರುತ್ತದೆ.

ಯಾವ ಕಿಂಡಿಯಲ್ಲಿ ಓಡಾಟವಿದೆ ಎಂದು ಗೊತ್ತಾಗದಿದ್ದರೆ ನಮ್ಮ ಅತ್ತೆಯವರ ಉಪಾಯ ಮಾಡಿ. ಗದಗಿನ ಅವರ ಮನೆ ಮಣ್ಣಿನ ಮಾಳಿಗೆಯದು, ಜಂತಿಗಳ ಮೇಲೆ ರಾತ್ರಿಯಿಡೀ ಓಡಾಟ. ಅವರು ಒಲೆಯ ಬೂದಿಯನ್ನು ತೆಳು ಅರಿವೆಯಲ್ಲಿ ಸೋಸಿ, ಎಲ್ಲರೂ ಮಲಗಿದ ಮೇಲೆ ಗೋಡೆಯ ಬುಡಕ್ಕೆ ಉದುರಿಸುತ್ತಿದ್ದರು. ಬೆಳಗ್ಗೆ ಹೆಜ್ಜೆ ಹಿಡಿದು ಹೋದರೆ ಕಿಂಡಿ ಸಿಗುತ್ತಿತ್ತು. ಇಲಿಯ ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ಬಾಲ ಎಳೆದ ಗೆರೆ. ಈಗ ಒಲೆ ಎಲ್ಲಿದೆ? ಕೂಸಿನ ಪೌಡರ್ ಆದೀತು. ಗೋದಿ ಹಿಟ್ಟು ಮಾತ್ರ ಉದುರಿಸಬೇಡಿ, ಅದು ಊಟ ಬಡಿಸಿದಂತೆ.

ಕಿಂಡಿ ಸಿಕ್ಕಿತೆಂದು ಕೂಡಲೇ ಮುಚ್ಚಬಾರದು. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ಕೇಳುವುದಿಲ್ಲ. ಮೊದಲು ಹಳೆಯ ಪತ್ರಿಕೆಯ ತುಂಡನ್ನು ಸಡಿಲವಾಗಿ ತುರುಕಿಡಿ. ರಾತ್ರಿ ಅದು ಸರಿದರೆ ಇಲಿ ಇನ್ನೂ ಓಡಾಡುತ್ತಿದೆ ಎಂದರ್ಥ, ಈಗ ಮುಚ್ಚಿದರೆ ಗೋಡೆಯೊಳಗೇ ಸಾಯುತ್ತದೆ. ಎರಡು ಮೂರು ರಾತ್ರಿ ಕಾಗದ ಅಲುಗದಿದ್ದಾಗ ಕೆಲಸ ಶುರು ಮಾಡಿ. ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು ತನ್ನಿ. ತುಕ್ಕು ಹಿಡಿಯುವ ಅಗ್ಗದ ಕಬ್ಬಿಣದ್ದು ಬೇಡ, ಅದು ಪುಡಿಯಾಗಿ ಉದುರುತ್ತದೆ. ಜುಂಗನ್ನು ಎಳೆ ಎಳೆಯಾಗಿ ಬಿಡಿಸಿ, ಸ್ವಲ್ಪ ಸ್ವಲ್ಪವೇ ಕಿಂಡಿಗೆ ತುಂಬಿ, ಸೌಟಿನ ಹಿಡಿಯಿಂದ ಒತ್ತಿ ಒತ್ತಿ ಕೂಡಿಸಬೇಕು. ಇಡೀ ಉಂಡೆಯನ್ನು ಒಮ್ಮೆಲೇ ತುರುಕಿದರೆ ಇಲಿ ಅದನ್ನು ಎಳೆದು ಹಾಕುತ್ತದೆ. ಆಮೇಲೆ ಕಿಂಡಿಯ ಅಂಚಿಗೆ ನೀರು ಚಿಮುಕಿಸಿ. ಒಣಗೋಡೆಗೆ ಸಿಮೆಂಟ್ ಹಿಡಿಯುವುದಿಲ್ಲ. ಸಿಮೆಂಟಿಗೆ ಸೋಸಿದ ಉಸುಕು ಬೆರೆಸಿ, ರೊಟ್ಟಿ ಹಿಟ್ಟಿಗಿಂತ ತುಸು ಗಟ್ಟಿ ಕಲಸಿ, ಜುಂಗಿನ ಎಳೆಗಳೊಳಗೆ ಇಳಿಯುವಂತೆ ಬೆರಳಿನಿಂದ ಒತ್ತಿ. ಕೈಗೆ ಗವಸು ಇರಲಿ, ಸಿಮೆಂಟ್ ಚರ್ಮ ತಿನ್ನುತ್ತದೆ. ಒಂದೆರಡು ದಿನ ಹಸಿ ಅರಿವೆ ಹೊದಿಸಿಡಿ. ಬರೀ ಫೋಮ್, ಥರ್ಮೋಕೋಲ್, ಚಿಂದಿ ತುಂಬಿ ಕೈ ತೊಳೆದುಕೊಳ್ಳುವವರಿದ್ದಾರೆ. ಇಲಿಯ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ, ಅದು ಏನನ್ನಾದರೂ ಕಡಿಯಲೇಬೇಕು. ಫೋಮ್ ಅದಕ್ಕೆ ಒಂದು ರಾತ್ರಿಯ ಕೆಲಸ.

ಬಾಗಿಲ ಅಡಿಗೆ ತಗಡಿನ ಪಟ್ಟಿ ಹೊಡೆಸಿ, ಬಚ್ಚಲ ಮೋರಿಗೆ ಜಾಲರಿಯನ್ನು ಸ್ಕ್ರೂ ಹಾಕಿ ಬಿಗಿಯಿರಿ.

ಒಳಗೇ ಉಳಿದವಕ್ಕೆ ಬೋನು ಸಾಕು. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಸಂಶಯ, ಆದ್ದರಿಂದ ಮೊದಲ ಕೆಲವು ರಾತ್ರಿ ಕೊಕ್ಕೆ ಹಾಕದೆ ಬರೀ ತಿನಿಸು ಇಡಿ. ಹುರಿದ ಶೇಂಗಾ, ಚೂರು ಬೆಲ್ಲ, ದಾರದಿಂದ ಕಟ್ಟಿದ್ದು. ಬೋನನ್ನು ಮನೆಯ ನಡುವೆ ಇಡಬೇಡಿ, ಅವು ಗೋಡೆಗುಂಟವೇ ಓಡಾಡುತ್ತವೆ. ಅಂಟಿನ ಹಲಗೆ ಮಾತ್ರ ನನ್ನ ಕಣ್ಣಿಗೆ ಬೀಳಬಾರದು. ಜೀವಂತ ಪ್ರಾಣಿ ಚರ್ಮ ಕಿತ್ತುಕೊಂಡು ಒದ್ದಾಡುವುದನ್ನು ನೋಡಿಕೊಂಡು ಅನ್ನ ಉಣ್ಣುವುದು ಹೇಗೆ?

ಅಟ್ಟದ ಮೇಲೆ ಕೌದಿಯ ಗಂಟು ಎಸೆದಿರುತ್ತೀರಿ, ಮರಿ ಹಾಕುವುದು ಅದರಲ್ಲೇ. ಕೌದಿಯನ್ನು ಮಳೆಗಾಲಕ್ಕೆ ಮುಂಚೆ ಒಗೆದು, ಹಿಂಡದೆ ನೀರು ಇಳಿಯಲು ಬಿಟ್ಟು, ಎರಡೂ ಮಗ್ಗುಲು ಬಿಸಿಲು ಕಾಣಿಸಿ ಟ್ರಂಕಿಗೆ ಹಾಕಬೇಕು. ಮಷೀನಿಗೆ ತುರುಕಿ ಹೊಲಿಗೆ ಹರಿದುಕೊಂಡು ನನ್ನ ಹತ್ತಿರ ತರುತ್ತಾರೆ. ನಮ್ಮ ಅವ್ವಂದಿರು ಕಣ್ಣು ಕೆಡಿಸಿಕೊಂಡು ಹೊಲಿದದ್ದು ಅದು.

ಹಿಕ್ಕೆ ಕಂಡರೆ ಪೊರಕೆ ಹಿಡಿಯಬೇಡಿ, ಧೂಳೆದ್ದು ಮೂಗಿಗೆ ಸೇರುತ್ತದೆ. ಬ್ಲೀಚಿಂಗ್ ಪುಡಿ ಕದಡಿದ ನೀರು ಸುರಿದು, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಗವಸು ತೊಟ್ಟು ಕಾಗದದಿಂದ ಒರೆಸಿ ಎಸೆಯಿರಿ. ಇಲಿ ಜ್ವರ ಹರಡುವುದು ಅದರ ಮೂತ್ರದಿಂದ. ಇಲಿ ಓಡಾಡಿದ ಕಟ್ಟೆಯನ್ನು ತೊಳೆಯದೆ ಅದರ ಮೇಲೆ ರೊಟ್ಟಿ ಬಡಿಯಬಾರದು.

ಇನ್ನು ಡಕ್ಟು ಒಬ್ಬರದಲ್ಲ. ಕೆಳಗಿನವರು ಕಿಂಡಿ ತೆರೆದಿಟ್ಟರೆ ಕೊಳವೆ ಹತ್ತಿ ನಿಮ್ಮ ಮನೆಗೇ ಬರುತ್ತವೆ. ಸಿಮೆಂಟ್ ಕಲಸಿದ ದಿನ ಒಂದು ಬೋಗುಣಿ ಹೆಚ್ಚಿಗೆ ಕಲಸಿ, ಅವರ ಮನೆಯ ಬಾಗಿಲನ್ನೂ ತಟ್ಟಿ.