ಮೊದಲು ಗಿಡ, ಆಮೇಲೆ ಮೀನು

ಕಳೆದ ವರ್ಷ ದಸರಾ ರಜೆಗೆ ತಂಗಿಯ ಮಗ ಮೈಸೂರಿಗೆ ಬಂದಿದ್ದ. ನಮ್ಮ ನಡುಮನೆಯಲ್ಲಿರುವ, ಒಳಗೆ ಗಿಡ ಬೆಳೆಸಿ ಮೀನು ಬಿಟ್ಟ ಗಾಜಿನ ತೊಟ್ಟಿಯ (ಅಕ್ವೇರಿಯಂ) ಮುಂದೆ ಸ್ಟೂಲ್ ಎಳೆದುಕೊಂಡು ಅರ್ಧ ಗಂಟೆ ಕೂತ. "ದೊಡ್ಡಮ್ಮ, ನನಗೂ ಇಂಥದ್ದು ಮಾಡಬೇಕು ಅಂತ ಆಸೆ. ಆದರೆ ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಡೋ ಗ್ಯಾಸ್ ಸಿಲಿಂಡರ್ ಬೇಕು, ಹೊರದೇಶದ ಮಣ್ಣು ಬೇಕು, ದೊಡ್ಡ ಲೈಟು ಬೇಕು ಅಂತಾರೆ. ನನ್ನ ಕೈಲಾಗಲ್ಲ ಬಿಡಿ" ಎಂದ. ಫೋನಿನಲ್ಲಿ ಚಿತ್ರಗಳನ್ನೂ ತೋರಿಸಿದ. ಜಪಾನಿನ ತಕಾಶಿ ಅಮಾನೊ ಜನಪ್ರಿಯ ಮಾಡಿದ ಶೈಲಿಯ ತೊಟ್ಟಿಗಳು ಅವು. ನೀರೊಳಗೆ ಒಂದು ಬೆಟ್ಟ, ಹುಲ್ಲುಗಾವಲು, ಕಾಡು. ಅವರು 2015ರಲ್ಲಿ ತೀರಿಕೊಂಡರು. ಆ ಚೆಂದವನ್ನು ಇವತ್ತಿಗೂ ಜಗತ್ತೆಲ್ಲ ಕಲಿಯುತ್ತಿದೆ. ನಾನೂ ಗಂಟೆಗಟ್ಟಲೆ ನೋಡುತ್ತೇನೆ. ಆದರೆ ಸಂಗೀತಕ್ಕೆ ಸೇರಿದ ಮಗು ಸರಳೆ ವರಸೆಯಿಂದ ಶುರು ಮಾಡುತ್ತದೆ, ಅಲ್ವಾ? ಇದೂ ಹಾಗೇ. ನಾನು ಸಿಲಿಂಡರ್ ಇಲ್ಲದೆ, ಇಲ್ಲಿನ ಮಣ್ಣಿನಲ್ಲೇ ಇಷ್ಟು ವರ್ಷ ಗಿಡ ಬೆಳೆಸಿದ್ದೇನೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ತೊಟ್ಟಿ ಕೊಳ್ಳುವಾಗ ಪುಟ್ಟದು ಸುಲಭ ಅಂತ ತೀರಾ ಚಿಕ್ಕದನ್ನು ತರಬೇಡಿ. ದುಂಡನೆಯ ಗಾಜಿನ ಬೋಗುಣಿಯಂತೂ ಬೇಡವೇ ಬೇಡ. ಕಡಿಮೆ ನೀರು ಬೇಗ ಬಿಸಿಯಾಗುತ್ತದೆ, ಬೇಗ ಕೆಡುತ್ತದೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ಮೊದಲ ಸಲಕ್ಕೆ ಸರಿ. ಅದರಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ನೀರು, ಮರಳು, ಗಾಜು ಎಲ್ಲ ಸೇರಿ 75-80 ಕೆಜಿ ತೂಕ ಬರುತ್ತದೆ. ಹಾಗಾಗಿ ಟಿವಿ ಸ್ಟ್ಯಾಂಡಿನ ಮೇಲೆ ಇಡಬೇಡಿ. ಗಟ್ಟಿ ಮೇಜು ಬೇಕು, ಗಾಜಿನ ಕೆಳಗೆ ಒಂದು ಥರ್ಮಾಕೋಲ್ ಹಾಳೆ ಹಾಸಬೇಕು. ಕಿಟಕಿಯ ನೇರ ಬಿಸಿಲು ಬೀಳುವ ಜಾಗವೂ ಬೇಡ. ಎರಡೇ ವಾರದಲ್ಲಿ ಗಾಜೆಲ್ಲ ಪಾಚಿಯಾಗುತ್ತದೆ. ಇನ್ನೊಂದು ಮಾತು. ನೀರು ಸೋಸುವ ಸ್ಪಂಜ್ ಫಿಲ್ಟರಿಗೆ ಗಾಳಿ ಊದುವ ಪಂಪಿನ ವೈರು ಪ್ಲಗ್ ಪಾಯಿಂಟಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಆಮೇಲೆ ಮೇಲೇರಿ ಪ್ಲಗ್ಗಿಗೆ ಹೋಗಲಿ. ವೈರಿನ ಮೇಲೆ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಪ್ಲಗ್ಗಿಗೆ ಇಳಿಯುವುದಿಲ್ಲ. ನೀರಿಗೆ ಕೈ ಹಾಕುವ ಮುಂಚೆ ಸ್ವಿಚ್ಚು ಆರಿಸುವುದು ಮನೆಯ ಎಲ್ಲರಿಗೂ ಅಭ್ಯಾಸವಾಗಲಿ.

ಈಗ ಮಣ್ಣು. ಗೊಬ್ಬರ, ಔಷಧಿ ಬೀಳದ ಕೆಂಪು ಮಣ್ಣು ತಂದು, ಕಡ್ಡಿ ಕಸ ಆರಿಸಿ, ಜರಡಿ ಹಿಡಿಯಿರಿ. ಬಕೆಟ್ಟಿನಲ್ಲಿ ನೆನೆಸಿ, ಮೇಲೆ ತೇಲಿದ್ದನ್ನು ಚೆಲ್ಲಿ, ಬಿಸಿಲಿಗೆ ಹರಡಿ. ಹೀಗೆ ಎರಡು ಮೂರು ಸಲ ಮಾಡಿ. ತೊಟ್ಟಿಯ ತಳಕ್ಕೆ ಈ ಮಣ್ಣು 1 ಇಂಚು ಸಾಕು. ಅದರ ಮೇಲೆ ದಪ್ಪ ಹೊಳೆ ಮರಳು ಒಂದೂವರೆ ಇಂಚು. ಮರಳನ್ನು ಅಕ್ಕಿ ತೊಳೆದ ಹಾಗೆ ತೊಳೆಯಬೇಕು, ನೀರು ತಿಳಿಯಾಗುವ ತನಕ. ನಮ್ಮ ಮನೆಯಲ್ಲಿ ಹದಿನಾಲ್ಕು ನೀರು ಹಿಡಿಯಿತು. ಜಾಸ್ತಿ ಗೊಬ್ಬರ ಹಾಕಿದರೆ ಗಿಡ ಚೆನ್ನಾಗಿ ಬರುತ್ತದೆ ಅಂತ ಸಗಣಿ ಗೊಬ್ಬರ ಬೆರೆಸಲು ಹೋಗಬೇಡಿ. ಅದು ನೀರೊಳಗೆ ಕೊಳೆತು ನಾರುತ್ತದೆ.

ಅಲಂಕಾರಕ್ಕೆ ಕಲ್ಲು ಇಡುವವರು ಅಡುಗೆಮನೆಯಿಂದ ಅರ್ಧ ನಿಂಬೆಹಣ್ಣು ತನ್ನಿ. ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ಹಿಂಡಿ ಕಿವಿ ಹತ್ತಿರ ಹಿಡಿಯಿರಿ. ಸುಯ್ ಎಂದು ನೊರೆ ಎದ್ದರೆ ಅದರಲ್ಲಿ ಸುಣ್ಣದ ಅಂಶ ಇದೆ, ನೀರನ್ನು ಗಡಸು ಮಾಡುತ್ತದೆ. ಅಮೃತಶಿಲೆಯ ಬಿಳಿ ಚೂರುಗಳು ಹೀಗೆ ನೊರೆ ಬಿಡುತ್ತವೆ. ಸುಮ್ಮನಿದ್ದರೆ ಆ ಕಲ್ಲನ್ನು ಇಡಬಹುದು. ಮೀನು ಅಡಗಲು ಅಂಗಡಿಯ ಪ್ಲಾಸ್ಟಿಕ್ ಕೋಟೆಗಿಂತ ನಮ್ಮ ತೆಂಗಿನ ಕರಟವೇ ನನಗೆ ಇಷ್ಟ. ಒಳಗಿನ ಕಾಯಿಯನ್ನು ಪೂರ್ತಿ ಕೆರೆದು, ಮೂರು ನಾಲ್ಕು ನೀರಿನಲ್ಲಿ ಕುದಿಸಿ, ಅಂಚಿನಲ್ಲಿ ಒಂದು ಬಾಗಿಲು ಕೊರೆದು ಬೋರಲು ಹಾಕಿ. ಮೇಲೆ ಜಾವಾ ಮಾಸ್ ಎಂಬ ನೀರಿನ ಹಾವಸೆ ಹರಡಿ ಹೊಲಿಗೆ ದಾರದಿಂದ ಸುತ್ತಿ. ಎರಡು ತಿಂಗಳಿಗೆ ಕರಟ ಕಾಣುವುದೇ ಇಲ್ಲ, ಹಸಿರು ಗುಡ್ಡವಾಗುತ್ತದೆ.

ನೀರಿನ ವಿಷಯಕ್ಕೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಗಳನ್ನು ಬಾಟಲಿ ಮೇಲೆ ಹೇಳಿದಷ್ಟು ಹಾಕಿದರೆ ಆಯಿತು. ಬೋರ್‌ವೆಲ್ ನೀರು ಗಡಸು ಅಂತ ಹಿಂಜರಿಯಬೇಡಿ, ಗಪ್ಪಿ ಮೀನಿಗೂ ವಲಿಸ್ನೇರಿಯ ಗಿಡಕ್ಕೂ ಗಡಸು ನೀರು ಒಗ್ಗುತ್ತದೆ. ಕುಡಿಯುವ ಆರ್‌ಓ ನೀರನ್ನೇ ಪೂರ್ತಿ ತುಂಬಿಸುವುದು ಬೇಡ. ಅದರಲ್ಲಿ ಖನಿಜಾಂಶ ಇರುವುದಿಲ್ಲ. ಆರ್‌ಓ ಯಂತ್ರ ಹೊರಗೆ ಬಿಡುವ ನೀರೂ ಬೇಡ, ಅದರಲ್ಲಿ ಲವಣ ಒತ್ತಾಗಿರುತ್ತದೆ. ಮತ್ತೆ ಹಳೆಯ ತಾಮ್ರದ ಹಂಡೆಯಲ್ಲಿ ನೀರು ಹಿಡಿದಿಟ್ಟು ತೊಟ್ಟಿಗೆ ಸುರಿಯಬೇಡಿ. ನಮಗೆ ಒಳ್ಳೆಯದು ಅನ್ನುವ ತಾಮ್ರ ಸೀಗಡಿ, ಬಸವನ ಹುಳುವಿಗೆ ವಿಷ, ಮೀನಿಗೂ ಒಳ್ಳೆಯದಲ್ಲ. ಸೋಪು ಮುಟ್ಟದ ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಇದಕ್ಕೇ ಅಂತ ಎತ್ತಿಡಿ.

ಗಿಡ ಆರಿಸುವಾಗ ಕೆಂಪು ಬಣ್ಣಕ್ಕೆ ಮರುಳಾಗಬೇಡಿ. ಜಗತ್ತಿನ ತುಂಬ ಹವ್ಯಾಸಿಗಳು ಆಸೆ ಪಡುವ ರೊಟಾಲ ಮಕ್ರಾಂಡ್ರ ಎಂಬ ಕೆಂಪು ಗಿಡ ನಮ್ಮ ಪಶ್ಚಿಮ ಘಟ್ಟದ್ದೇ. ಆದರೆ ಅದಕ್ಕೆ ಜಾಸ್ತಿ ಬೆಳಕು, ಕಾರ್ಬನ್ ಡೈಆಕ್ಸೈಡ್, ಆರೈಕೆ ಎಲ್ಲ ಬೇಕು. ಹೊಸಬರಿಗೆ ಜಾವಾ ಫರ್ನ್, ಅನುಬಿಯಾಸ್, ವಲಿಸ್ನೇರಿಯ, ಹೈಗ್ರೊಫಿಲ, ಕ್ರಿಪ್ಟೊ (ಕ್ರಿಪ್ಟೊಕೊರೈನ್), ಹಾರ್ನ್‌ವರ್ಟ್ ಸಾಕು. ಮೊದಲಿನ ಎರಡನ್ನು ಮಣ್ಣಿನಲ್ಲಿ ಹೂಳಬಾರದು. ಅವುಗಳ ಶುಂಠಿಯಂಥ ಗೆಡ್ಡೆ ಮುಚ್ಚಿದರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಿಬಿಡಿ, ಬೇರು ತಾನೇ ಹಿಡಿದುಕೊಳ್ಳುತ್ತದೆ. ಉಳಿದವನ್ನು ನೆಡುವಾಗ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು ಮಾತ್ರ ಇರಲಿ. ಹೈಗ್ರೊಫಿಲದ ಕಡ್ಡಿಯ ಕೆಳಗಿನ ಎರಡು ಜೊತೆ ಎಲೆ ಚಿವುಟಿ, ಚಿಮಟದಲ್ಲಿ ಹಿಡಿದು, ಸ್ವಲ್ಪ ಓರೆಯಾಗಿ ಮರಳಿಗೆ ತೂರಿಸಿ. ನೇರ ಚುಚ್ಚಿದರೆ ಕೈ ಬಿಟ್ಟ ಕೂಡಲೇ ತೇಲಿ ಬರುತ್ತದೆ. ಎಲ್ಲ ನೆಟ್ಟ ಮೇಲೆ ಮರಳಿನ ಮೇಲೆ ಒಂದು ತಟ್ಟೆ ಇಟ್ಟು, ಆ ತಟ್ಟೆಗೆ ಮೆಲ್ಲಗೆ ನೀರು ಸುರಿಯಿರಿ. ಕೆಳಗಿನ ಮಣ್ಣು ಕದಡುವುದಿಲ್ಲ. ಗಿಡ ಜಾಸ್ತಿಯೇ ಇರಲಿ. ಮೊದಲ ದಿನವೇ ತಳದ ಮುಕ್ಕಾಲು ಭಾಗ ಹಸಿರಾಗಿದ್ದರೆ ಪಾಚಿಗೆ ಜಾಗ ಸಿಗುವುದಿಲ್ಲ.

ಬೆಳಕಿಗೆ ಡಬ್ಬಿ ಮೇಲೆ 6500 ಕೆಲ್ವಿನ್ ಎಂದು ಬರೆದಿರುವ, 2 ಅಡಿಯ 10 ವ್ಯಾಟ್ ಎಲ್‌ಇಡಿ ಪಟ್ಟಿ ಸಾಕು. ಮೊದಲ ತಿಂಗಳು ದಿನಕ್ಕೆ 6 ಗಂಟೆ, ಆಮೇಲೆ 8 ಗಂಟೆ. ಒಂದು ಟೈಮರ್ ಹಾಕಿಸಿಬಿಡಿ. ಈ ಹವ್ಯಾಸಕ್ಕೆ ನಾನು ಮಾಡಿದ ಖರ್ಚಿನಲ್ಲಿ ತುಂಬಾ ಉಪಯೋಗಕ್ಕೆ ಬಂದದ್ದು ಅದೇ.

ನೆಟ್ಟ ಒಂಬತ್ತನೇ ದಿನ ತಂಗಿಯ ಮಗ ಫೋನ್ ಮಾಡಿದ. "ದೊಡ್ಡಮ್ಮ, ಕ್ರಿಪ್ಟೊ ಎಲ್ಲ ಕರಗಿ ಹೋಯ್ತು. ಎಲೆ ಮುಟ್ಟಿದರೆ ಲೋಳೆ ಲೋಳೆ. ಕಿತ್ತು ಬಿಸಾಕಲಾ?" ಧ್ವನಿಯಲ್ಲಿ ಅಳುವೇ ಇತ್ತು. "ಬೇಡ ಕಣೋ. ಕೊಳೆತ ಎಲೆ ಮಾತ್ರ ಕತ್ತರಿಸು, ಬೇರು ಮುಟ್ಟಬೇಡ" ಎಂದೆ. ನರ್ಸರಿಗಳಲ್ಲಿ ಇಂಥ ಗಿಡಗಳನ್ನು ಹೆಚ್ಚಾಗಿ ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ನೀರೊಳಗೆ ಬಂದ ಮೇಲೆ ಹಳೆಯ ಎಲೆ ಬಿಟ್ಟು ನೀರಿಗೆ ಒಗ್ಗುವ ಹೊಸ ಎಲೆ ಹಾಕುತ್ತವೆ. ಕ್ರಿಪ್ಟೊಗಂತೂ ಜಾಗ ಬದಲಾದರೆ ಸಾಕು, ಮುನಿಸಿಕೊಳ್ಳುತ್ತದೆ. ಮೂರು ವಾರ ಕಳೆದ ಮೇಲೆ ಅವನೇ ಫೋಟೋ ಕಳಿಸಿದ. ಮರಳಿನಿಂದ ಬೆರಳುಗುರಿನಷ್ಟು ಕಂದು ಚಿಗುರು ಎದ್ದಿತ್ತು.

ಈ ಮೊದಲ ಕೆಲವು ವಾರಗಳೇ ಎಲ್ಲರೂ ಎಡವುವ ಜಾಗ. ಖಾಲಿ ತೊಟ್ಟಿ ನೋಡಲಾರದೆ ಮಕ್ಕಳು ಹಟ ಮಾಡುತ್ತವೆ, ನಾವು ಹೋಗಿ ಹತ್ತು ಮೀನು ತರುತ್ತೇವೆ, ವಾರದಲ್ಲಿ ಒಂದೊಂದೇ ಸಾಯುತ್ತವೆ. ಮೀನಿನ ಹೊಲಸು, ಉಳಿದ ತಿಂಡಿ ಕೊಳೆತು ಅಮೋನಿಯ ಆಗುತ್ತದೆ, ಅದು ವಿಷ. ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ಸೇರುವ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯ ನೆಲೆಯೂರಲು 4ರಿಂದ 6 ವಾರ ಬೇಕು. ಬೆಳೆಯುವ ಗಿಡ ಅಮೋನಿಯವನ್ನು ನೇರವಾಗಿಯೂ ಹೀರುತ್ತದೆ, ಅದಕ್ಕೇ ಗಿಡ ಮೊದಲು ಎನ್ನುವುದು. ಹಾಲಿಗೆ ಹೆಪ್ಪು ಹಾಕಿ ಹತ್ತು ನಿಮಿಷಕ್ಕೆ ಮೊಸರು ಬೇಕು ಅಂದರೆ ಆಗುತ್ತದಾ? ಹೆಪ್ಪಿನ ಮಾತು ಬಂತಲ್ಲ, ಇಲ್ಲೂ ಹೆಪ್ಪು ಉಂಟು. ಪರಿಚಯದವರ ಆರೋಗ್ಯವಾದ ಹಳೆಯ ತೊಟ್ಟಿಯ ಸ್ಪಂಜಿನ ಒಂದು ತುಂಡು ಒದ್ದೆಯಾಗಿಯೇ ತಂದು ನಿಮ್ಮದರಲ್ಲಿ ಹಾಕಿದರೆ ಕೆಲಸ ಬೇಗ ಆಗುತ್ತದೆ. ಕಾಯುವ ಹೊತ್ತಿನಲ್ಲಿ ವಾರಕ್ಕೆರಡು ಸಲ ಮೂರನೇ ಒಂದು ಭಾಗ ನೀರು ಬದಲಿಸಿ. ಗಾಜಿನ ಮೇಲೆ ಕಂದು ಪುಡಿಯಂಥ ಪಾಚಿ ಬಂದರೆ ಒರೆಸಿ. ಹೊಸ ತೊಟ್ಟಿಯಲ್ಲಿ ಅದು ಬಂದೇ ಬರುತ್ತದೆ, ತಾನೇ ಹೋಗುತ್ತದೆ.

ಆಮೇಲೆ ಮೀನು. ಐದಾರು ಗಪ್ಪಿ ತನ್ನಿ, ಎಲ್ಲ ಗಂಡೇ ಇರಲಿ. ಹೆಣ್ಣು ಜೊತೆಗಿದ್ದರೆ ತಿಂಗಳಿಗೊಮ್ಮೆ ಮರಿ ಹಾಕುತ್ತಾ ಹೋಗುತ್ತದೆ, ತೊಟ್ಟಿ ಸಾಲುವುದಿಲ್ಲ. ಇಲ್ಲವೇ ಆರು ಜೀಬ್ರಾ ಡೇನಿಯೊ. ನಮ್ಮ ದೇಶದ ಹಳ್ಳಗಳದ್ದೇ ಮೀನು, ಚುರುಕು, ಗಟ್ಟಿ. ಗೋಲ್ಡ್ ಫಿಷ್ ಗಿಡ ಕೀಳುತ್ತದೆ, ತಿನ್ನುತ್ತದೆ, ಬೇಡ. ಅಂಗಡಿಯಲ್ಲಿ ಮಿಸ್ ಕೇರಳ ಎಂದು ಕರೆಯುವ ಕೆಂಪು ಪಟ್ಟೆಯ ಮೀನೂ 2 ಅಡಿ ತೊಟ್ಟಿಗೆ ಬೇಡ. ಅದು ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳಲ್ಲಿ ಗುಂಪಾಗಿ ಈಜುವ, ಐದಾರು ಇಂಚು ಬೆಳೆಯುವ ಮೀನು. ಹಿಡಿದು ಮಾರಿದ್ದು ಜಾಸ್ತಿಯಾಗಿ ಈಗ ಅಳಿವಿನ ಅಂಚಿನ ಪಟ್ಟಿ ಸೇರಿದೆ. ತಿಂಡಿ ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಬಸವನ ಹುಳು ಹೆಚ್ಚಿದರೆ ನೀವು ತಿಂಡಿ ಜಾಸ್ತಿ ಹಾಕುತ್ತಿದ್ದೀರಿ ಎಂದೇ ಅರ್ಥ. ರಾತ್ರಿ ಒಂದು ಬಿಲ್ಲೆ ಸೌತೆಕಾಯಿ ಮುಳುಗಿಸಿಟ್ಟು ಬೆಳಗ್ಗೆ ಎತ್ತಿ, ಹುಳು ಅದರ ಮೇಲೇ ಕೂತಿರುತ್ತವೆ.

ಒಂದು ಎಚ್ಚರಿಕೆಯನ್ನು ಮಾತ್ರ ಎರಡೆರಡು ಸಲ ಹೇಳುತ್ತೇನೆ. ಒಂದು ಮಳೆಗಾಲದ ಸಂಜೆ ಜಿರಲೆಗೆಂದು ನಡುಮನೆಯಲ್ಲಿ ಸ್ಪ್ರೇ ಹೊಡೆದು ಬಾಗಿಲು ಮುಚ್ಚಿ ಮಲಗಿದೆವು. ತೊಟ್ಟಿಯ ನೆನಪೇ ಆಗಲಿಲ್ಲ. ಗಾಳಿ ಪಂಪು ರಾತ್ರಿಯಿಡೀ ಆ ಗಾಳಿಯನ್ನೇ ನೀರಿಗೆ ಊದಿತು. ಬೆಳಗ್ಗೆ ಕಾಫಿಗೆ ಎದ್ದಾಗ ಆರೂ ಮೀನು ಮೇಲೆ ತೇಲುತ್ತಿದ್ದವು. ಅವತ್ತಿನ ಸಂಕಟ ಇನ್ನೂ ಮರೆತಿಲ್ಲ. ಸೊಳ್ಳೆ, ಜಿರಲೆ ಔಷಧಿಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ಘೋರ ವಿಷ. ತೊಟ್ಟಿ ಇರುವ ಕೋಣೆಯಲ್ಲಿ ಸ್ಪ್ರೇ, ಬತ್ತಿ, ದ್ರವ ಯಾವುದೂ ಬೇಡ, ಸೊಳ್ಳೆ ಪರದೆ ಕಟ್ಟಿಕೊಳ್ಳಿ. ಕರೆಂಟು ಹೋದರೆ ಮಾತ್ರ ಗಾಬರಿ ಬೇಡ. ಮೀನು ಕಡಿಮೆ ಇದ್ದರೆ ಕೆಲವು ಗಂಟೆ ಏನೂ ಆಗುವುದಿಲ್ಲ. ರಾತ್ರಿ ಗಿಡವೂ ಆಮ್ಲಜನಕ ಎಳೆದುಕೊಳ್ಳುವುದರಿಂದ, ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಚೊಂಬಿನಲ್ಲಿ ನೀರು ಮೊಗೆದು ಒಂದಡಿ ಎತ್ತರದಿಂದ ಹತ್ತು ನಿಮಿಷ ಸುರಿಯಿರಿ.

ತೊಟ್ಟಿ ಹದಕ್ಕೆ ಬಂದ ಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ಹಾಕಿದರೆ ಸಾಕು. ತೆಗೆದ ನೀರನ್ನು ಚೆಲ್ಲಬೇಡಿ, ಕರಿಬೇವಿಗೆ ಹಾಕಿ, ಹೇಗೆ ಚಿಗುರುತ್ತದೆ ನೋಡಿ. ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ನಲ್ಲಿ ಕೆಳಗೆ ತೊಳೆದರೆ ಕ್ಲೋರಿನ್‌ಗೆ ಒಳ್ಳೆಯ ಬ್ಯಾಕ್ಟೀರಿಯವೆಲ್ಲ ಸಾಯುತ್ತದೆ. ನೀರು ಬದಲಿಸಿದ ದಿನ ಮಧ್ಯಾಹ್ನ ಸ್ವಲ್ಪ ಹೊತ್ತು ಹತ್ತಿರ ಕೂತು ನೋಡಿ. ಎಲೆಗಳ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಬೆಳ್ಳಿ ಗುಳ್ಳೆಗಳು ಕಟ್ಟಿ, ಒಂದೊಂದೇ ಬಿಡಿಸಿಕೊಂಡು ಮೇಲೇರುತ್ತವೆ. ಅಷ್ಟು ವಾರ ಕಾದದ್ದು ಆ ಹೊತ್ತಿಗೆ ನೆನಪೇ ಇರುವುದಿಲ್ಲ.

ಗಿಡ ಬೆಳೆದು ಕತ್ತರಿಸುವ ದಿನ ಬರುತ್ತದೆ. ಕತ್ತರಿಸಿದ್ದನ್ನು, ಬೇಡವಾದ ಮೀನನ್ನು ಕೆರೆಗೆ, ಹೊಳೆಗೆ, ರಾಜಕಾಲುವೆಗೆ ದಯವಿಟ್ಟು ಬಿಡಬೇಡಿ. ನಮ್ಮ ಕೆರೆಗಳನ್ನು ಮುಚ್ಚಿರುವ ನೇರಳೆ ಹೂವಿನ ಜಲಕಳೆ ದಕ್ಷಿಣ ಅಮೆರಿಕದಿಂದ ಬಂದದ್ದು. ಗಾಜು ನೆಕ್ಕಲಿ ಅಂತ ತೊಟ್ಟಿಗೆ ತರುವ ಸಕ್ಕರ್ ಮೀನೂ ಅಲ್ಲಿನದೇ. ಅದು ಈಗ ನಮ್ಮ ಕೆರೆಗಳಲ್ಲಿ ಬಲೆಗೆ ಬೀಳುತ್ತಿದೆ. ಕೆಟ್ಟ ಎಲೆಗಳನ್ನು ಬಿಸಿಲಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಒಳ್ಳೆಯ ಕಡ್ಡಿಗಳನ್ನು ನಾನು ಒದ್ದೆ ಪೇಪರಿನಲ್ಲಿ ಸುತ್ತಿ, ಹಳೆಯ ಟಿಫಿನ್ ಡಬ್ಬಿಯಲ್ಲಿಟ್ಟು ಕೇಳಿದವರಿಗೆ ಕೊಡುತ್ತೇನೆ. ಹಾಗೆ ಇಟ್ಟರೆ ಎರಡು ದಿನ ತಾಜಾ ಇರುತ್ತವೆ. ಮೊನ್ನೆ ತಂಗಿಯ ಮಗನೂ ತನ್ನ ಆಫೀಸಿನ ಇಬ್ಬರಿಗೆ ಹೀಗೇ ಕಟ್ಟಿ ಕೊಟ್ಟನಂತೆ. ಮೀನು ಯಾವಾಗ ತರೋದು ಅಂತ ಅವರು ಅವತ್ತೇ ಕೇಳಿದರಂತೆ. "ಇನ್ನೊಂದು ತಿಂಗಳು ತಡೀರಿ ಅಂದೆ ದೊಡ್ಡಮ್ಮ" ಎಂದ.