ಹತ್ತಿ ಗೋದಾಮಿನಲ್ಲಿ ನಾಲ್ಕು ಹಾಡು

ನಮ್ಮದು ನಾಲ್ವರ ಡೆತ್ ಮೆಟಲ್ ಬ್ಯಾಂಡ್, ಅಂದರೆ ಒರಟು ಗಿಟಾರು, ಗುಡುಗುವ ದನಿಯ ರಾಕ್ ಸಂಗೀತ. ಮೊದಲ ಡೆಮೊಗೆ ಡ್ರಮ್ಸ್ ರೆಕಾರ್ಡ್ ಮಾಡೋಕೆ ರಾಯಚೂರಿನಲ್ಲಿ ನಮಗೆ ಜಾಗ ಸಿಗಲಿಲ್ಲ. ಒಂದು ಕಡೆ ಹೋಗಿ ಕೇಳಿದೆವು, ಭಜನೆ, ಜಾನಪದ ಹಾಡು ಮಾಡಿಕೊಡುವವರು. ಅಲ್ಲಿನ ರೂಮು ಹಾಡುವವರಿಗೆ ಮಾತ್ರ ಸಾಕಾಗುವಷ್ಟಿತ್ತು, ಡ್ರಮ್ ಕಿಟ್ ಹಿಡಿಯುತ್ತಿರಲಿಲ್ಲ. ಬೆಂಗಳೂರಿಗೆ ಹೋಗಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವ ಶಕ್ತಿ ನಾಲ್ವರಲ್ಲಿ ಯಾರಿಗೂ ಇರಲಿಲ್ಲ. ಆಗ ನಮ್ಮ ಬೇಸ್ ಗಿಟಾರಿನವನ ಸೋದರಮಾವ, ಮೇ ತಿಂಗಳಲ್ಲಿ ನಮ್ಮ ಹತ್ತಿ ಗೋದಾಮು ಮುಕ್ಕಾಲು ಖಾಲಿ ಇರುತ್ತೆ, ಮೂರು ದಿನ ಬಳಸಿಕೊಳ್ಳಿ ಅಂದರು. ಒಂದೇ ಷರತ್ತು ಹಾಕಿದರು. ಒಳಗೆ ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ ಏನೂ ಬರಬಾರದು.

ಡೆಮೊ ಅಂದರೆ ಆಲ್ಬಮ್ ಅಲ್ಲ, ಬ್ಯಾಂಡ್ ಹೇಗಿದೆ ಅಂತ ಕೇಳಿಸೋಕೆ ಮಾಡುವ ಕಚ್ಚಾ ರೆಕಾರ್ಡಿಂಗ್. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದವರು 1982ರಲ್ಲಿ ಮಾಡಿದ ಡೆಮೊ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು, ಅಂಚೆಯಲ್ಲಿ ದೇಶ ದೇಶ ಸುತ್ತಿದ್ದು, ಆಮೇಲೆ ಮುಂದಿನ ವರ್ಷ ಅವರ ಮೊದಲ ಆಲ್ಬಮ್ ಬಂದಿದ್ದು. ಹಾಗೆ ಕಾಪಿ ಆಗಿ ಆಗಿ ಸವೆದ ಟೇಪಿನಲ್ಲೂ ಜನರಿಗೆ ಕೇಳಿಸಿದ್ದು ರಿಫ್, ಅಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ತುಣುಕು. ನಮ್ಮದೂ ಹಾಗೇ ಇರಬೇಕು ಅಂತ ಮೊದಲ ದಿನವೇ ತೀರ್ಮಾನ ಮಾಡಿದ್ದೆವು. ಸೌಂಡ್ ಎಷ್ಟೇ ಒರಟಾಗಿರಲಿ, ಗಿಟಾರ್ ಏನು ನುಡಿಸ್ತಾ ಇದೆ ಅಂತ ಮೊಬೈಲ್ ಸ್ಪೀಕರಿನಲ್ಲೂ ಗೊತ್ತಾಗಬೇಕು.

ಗೋದಾಮಿಗೆ ತಗಡಿನ ಚಾವಣಿ. ಸ್ನೇರ್, ಅಂದರೆ ಕಿಟ್ಟಿನ ಚುರುಕು ದನಿಯ ಚಿಕ್ಕ ಡ್ರಮ್, ಅದರ ಮೊದಲ ಹೊಡೆತಕ್ಕೇ ಇಡೀ ಚಾವಣಿ ಝಣ್ ಅಂತ ತಿರುಗಿ ಕೂಗಿತು. ನಿಧಾನದ ಹಾಡಾಗಿದ್ದರೆ ಆ ಗುಂಯ್‌ಗುಡುವಿಕೆ ಚೆನ್ನಾಗಿರುತ್ತಿತ್ತೇನೋ. ನಮ್ಮದರಲ್ಲಿ ಎರಡು ಹಾಡು 200 ಬಿಪಿಎಂ, ಅಂದರೆ ನಿಮಿಷಕ್ಕೆ 200 ಬೀಟ್. ಆ ವೇಗದಲ್ಲಿ ಡಬಲ್ ಬಾಸ್, ಅಂದರೆ ಎರಡೂ ಕಾಲಿನಿಂದ ದೊಡ್ಡ ಡ್ರಮ್ ಬಡಿಯೋದು, ಬೀಟಿಗೆ ನಾಲ್ಕರಂತೆ ಸೆಕೆಂಡಿಗೆ ಸುಮಾರು 13 ಹೊಡೆತ, ಒಂದಕ್ಕೂ ಇನ್ನೊಂದಕ್ಕೂ ನಡುವೆ 75 ಮಿಲಿಸೆಕೆಂಡು ಮಾತ್ರ. ಹಿಂದಿನ ಹೊಡೆತದ ಸದ್ದು ಸಾಯುವ ಮೊದಲೇ ಮುಂದಿನದು ಬಂದು ಬೀಳುತ್ತೆ. ಎಲ್ಲ ಕಲಸಿಹೋಗುತ್ತೆ.

ಆಗ ಕಣ್ಣಿಗೆ ಬಿದ್ದಿದ್ದು ಮೂಲೆಯಲ್ಲಿದ್ದ ಬೇಲ್‌ಗಳು, ಹತ್ತಿಯ ದೊಡ್ಡ ಪಿಂಡಿಗಳು. ಒಂದೊಂದು ಸುಮಾರು 170 ಕೆಜಿ. ಹಮಾಲರನ್ನು ಕರೆದು ಕಿಟ್‌ನ ಮೂರು ಕಡೆ ಎರಡೆರಡು ಸಾಲು ಪೇರಿಸಿದೆವು. ಬೇಲ್ ಬಿಗಿಯಾಗಿ ಒತ್ತಿರುತ್ತೆ, ಅದರ ಮೈ ಗಟ್ಟಿ, ಹಾಗಾಗಿ ಅದರ ಮುಂದೆ ಸಡಿಲ ಹತ್ತಿ ತುಂಬಿದ ಗೋಣಿಚೀಲ ಇಟ್ಟೆವು. ತಲೆ ಮೇಲೆ ಹಗ್ಗ ಕಟ್ಟಿ ಮನೆಯಿಂದ ತಂದ ಐದು ಕೌದಿ ಇಳಿಬಿಟ್ಟೆವು. ನಮ್ಮಜ್ಜಿ ಹೊಲಿದ ಕೌದಿಗಳು, ಹಳೆ ಸೀರೆ ಪದರದ ಮೇಲೆ ಪದರ. ಅಷ್ಟು ಒಳ್ಳೆ ಸಾಮಾನು ಯಾವ ಅಂಗಡಿಯಲ್ಲೂ ಸಿಗಲ್ಲ ಅಂತ ನನಗೆ ಈಗಲೂ ಅನ್ನಿಸುತ್ತೆ. ಮತ್ತೆ ಸ್ನೇರ್ ಹೊಡೆದಾಗ ಟಪ್ ಅಂತ ಒಂದೇ ಸದ್ದು. ಡ್ರಮ್ಮರ್ ನನ್ನ ಕಡೆ ನೋಡಿ "ಈಗ ಬಂತ್ ನೋಡಲೇ" ಅಂದ.

ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಕಳಿಸುವ ನಮ್ಮ ಆಡಿಯೋ ಇಂಟರ್‌ಫೇಸಿಗೆ ನಾಲ್ಕೇ ಮೈಕ್ ಹಾಕಬಹುದಿತ್ತು. ಒಂದು ಕಿಕ್‌ಗೆ, ಅಂದರೆ ಕಾಲಲ್ಲಿ ಬಡಿಯುವ ಆ ದೊಡ್ಡ ಡ್ರಮ್ಮಿಗೆ, ಒಂದು ಸ್ನೇರ್‌ಗೆ, ಎರಡು ಮೇಲೆ. ಉಳಿದ ಡ್ರಮ್ಮುಗಳಾದ ಟಾಮ್‌ಗಳಿಗೆ ಬೇರೆ ಮೈಕ್ ಇಲ್ಲ, ಮೇಲಿನವೇ ಹಿಡಿಯಬೇಕು. ಇಲ್ಲಿ ನಾವು ದಾರ ಹಿಡಿದು ಅಳೆದೆವು. ಸ್ನೇರ್‌ನ ನಡುವಿನಿಂದ ಮೇಲಿನ ಎರಡೂ ಮೈಕಿಗೆ ಒಂದೇ ದೂರ ಇರಬೇಕು. ಸದ್ದು ಒಂದು ಅಡಿ ಹೋಗೋಕೆ ಹೆಚ್ಚುಕಮ್ಮಿ 1 ಮಿಲಿಸೆಕೆಂಡು ತಗೊಳ್ಳುತ್ತೆ. ಒಂದು ಮೈಕಿಗೆ ಬೇಗ, ಇನ್ನೊಂದಕ್ಕೆ ತಡವಾಗಿ ಬಂದರೆ ಎರಡೂ ಸೇರಿದಾಗ ಒಂದನ್ನೊಂದು ತಿನ್ನುತ್ತವೆ, ಸ್ನೇರ್ ಡಬ್ಬದ ಹಾಗೆ ತೆಳ್ಳಗಾಗುತ್ತೆ. ಕಿಕ್‌ನ ಒಳಗೆ ಒಂದು ದಿಂಬು. ಬೀಟರ್, ಅಂದರೆ ಪೆಡಲಿನ ಸುತ್ತಿಗೆ, ಬಡಿಯುವ ಜಾಗಕ್ಕೆ ಅವಧಿ ಮುಗಿದ ಎಟಿಎಂ ಕಾರ್ಡ್ ಟೇಪ್ ಹಾಕಿ ಅಂಟಿಸಿದೆವು. ಡೆತ್ ಮೆಟಲ್‌ನಲ್ಲಿ ಕಿಕ್‌ಗೆ ಆ 'ಟಕ್' ಬೇಕೇ ಬೇಕು. ಬರೀ 'ಧಮ್' ಇದ್ದರೆ ಬೇಸ್ ಗಿಟಾರಿನ ಕೆಳಗೆ ಮುಳುಗಿಹೋಗುತ್ತೆ.

ಹಗಲು ಹೊತ್ತು ತಗಡಿನ ಕೆಳಗೆ ಕೂರೋಕೆ ಆಗುತ್ತಿರಲಿಲ್ಲ. ಫ್ಯಾನ್ ಹಾಕಿದರೆ ಮೈಕಿಗೆ ಗಾಳಿ ಬಡಿಯುತ್ತೆ. ಹಾಗಾಗಿ ರಾತ್ರಿ ಹತ್ತರಿಂದ ನಾಲ್ಕರವರೆಗೆ ಮಾತ್ರ ಕೆಲಸ. ಮೊದಲ ರಾತ್ರಿ ಕಾವಲುಗಾರ ಕಾಕಾ ಟಾರ್ಚ್ ಹಿಡಿದು ಬಂದು, "ಏನ್ರಪಾ, ಈ ಹೊತ್ತಿನಾಗ ಜಿನ್ನಿಂಗ್ ಮಷೀನ್ ಚಾಲೂ ಮಾಡೀರೇನು?" ಅಂತ ಕೇಳಿದರು. ಹತ್ತಿಯಿಂದ ಬೀಜ ಬಿಡಿಸುವ ಮಷೀನು ಅದು. ಆಮೇಲೆ ಮೂರೂ ರಾತ್ರಿ ನಮಗೆ ಚಹಾ ತಂದುಕೊಟ್ಟವರು ಅವರೇ.

ಗಿಟಾರ್ ನನ್ನದು. ಟ್ಯೂನಿಂಗ್ ಬಿ, ಮಾಮೂಲಿಗಿಂತ ತುಂಬ ಕೆಳಗಿನ ಸ್ವರ, ಅಂದರೆ ದಪ್ಪ ತಂತಿ 61.7 ಹರ್ಟ್ಸ್. ಮಾಮೂಲಿ 9ರ ತೆಳು ತಂತಿ ಹಾಕಿದರೆ ಹಗ್ಗದ ಹಾಗೆ ಜೋಲುತ್ತೆ, ದಪ್ಪ ಸೆಟ್ ಬೇಕು. ಆಂಪ್ ಹಚ್ಚಿದ ಕೂಡಲೇ ಗುಂಯ್ ಅಂತ ಹಮ್ ಶುರುವಾಯಿತು. 50 ಹರ್ಟ್ಸ್, ಕರೆಂಟಿನದೇ ಸದ್ದು, ಅದರ ಜೊತೆ 100, 150. ನಮ್ಮ ಕೆಳಗಿನ ಸ್ವರಗಳ ಪಕ್ಕದಲ್ಲೇ ಕೂತಿತ್ತು. ಕೇಬಲ್ ಬದಲಿಸಿದೆ, ಗಿಟಾರಿನ ಪೆಡಲ್ ಬದಲಿಸಿದೆ, ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿದೆ. ಸ್ವಲ್ಪ ಇಳಿಯಿತು, ಹೋಗಲಿಲ್ಲ. ಕಡೆಗೆ ಎಲೆಕ್ಟ್ರಿಷಿಯನ್ ಆಗಿರುವ ಗೆಳೆಯ ಬಂದು ನೇರ ಹೊರಗೆ ಹೋಗಿ ಅರ್ಥಿಂಗ್ ಗುಂಡಿ ನೋಡಿದ. ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಉಪ್ಪು ಹಾಕಿ ನಾಲ್ಕು ಕೊಡ ನೀರು ಸುರಿದ. ಎಲ್ಲ ಸಾಮಾನಿಗೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟ. ಅರ್ಧ ಗಂಟೆಯಲ್ಲಿ ಹಮ್ ಮುಕ್ಕಾಲು ಪಾಲು ಹೋಯಿತು. ಹಮ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಾಕುವವರನ್ನು ನೋಡಿದ್ದೀನಿ, ದಯವಿಟ್ಟು ಆ ಕೆಲಸ ಮಾಡಬೇಡಿ, ಗಿಟಾರ್ ತಂತಿ ಮುಟ್ಟಿ ಮೈಕಿಗೆ ಬಾಯಿ ತಾಗಿಸಿದರೆ ಜೀವ ಹೋಗಬಹುದು.

ಬಾಸ್ ಕಂಪನಿಯ ಎಚ್ಎಂ-2 ತರಹದ ಒಂದು ಪೆಡಲ್, ಗಿಟಾರಿನ ಸದ್ದನ್ನು ಒರಟು ಮಾಡುವ ಡಬ್ಬಿ, ನಮ್ಮ ಹತ್ತಿರ ಇತ್ತು. ನಾಲ್ಕೂ ಗುಂಡಿ ಪೂರ್ತಿ ತಿರುಗಿಸಿದರೆ ಸ್ಟಾಕ್‌ಹೋಮ್ ಕಡೆಯ ಹಳೆ ಡೆತ್ ಮೆಟಲ್ಲಿನ ಆ ಗರಗಸದ ಸದ್ದು ಬರುತ್ತೆ. ನನಗೆ ಅದು ಪ್ರಾಣ. ಆದರೂ ಬಿಟ್ಟೆ. ನಮ್ಮ ರಿಫ್‌ಗಳಲ್ಲಿ ಥ್ರಾಶ್ ಜಾಸ್ತಿ, ಅಂಗೈ ಒತ್ತಿ ಕಟ್ ಕಟ್ ಅಂತ ನುಡಿಸೋದು, ಆ ಪೆಡಲ್ ಹಾಕಿದರೆ ಅದೆಲ್ಲ ಒಂದೇ ಗರಗಸ ಆಗುತ್ತಿತ್ತು. ಗೇನ್ ಕೂಡ, ಅಂದರೆ ಸದ್ದು ಎಷ್ಟು ಒಡೆಯಬೇಕು ಅನ್ನೋದನ್ನು, ನಾನು ಮನೆಯಲ್ಲಿ ಇಡುವುದರ ಅರ್ಧಕ್ಕೆ ಇಳಿಸಿದೆ. ಒಬ್ಬನೇ ಕೇಳಿದಾಗ ಸಪ್ಪೆ ಅನ್ನಿಸಿತು. ಆದರೆ ಅದೇ ರಿಫನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕಿದಾಗ ಗೋಡೆ ಎದ್ದಂತಾಯಿತು. ಒಂದೇ ಟೇಕನ್ನು ಕಾಪಿ ಮಾಡಿ ಎರಡು ಕಡೆ ಹಾಕಿದರೆ ಆ ಅಗಲ ಬರಲ್ಲ. ಸೆಕೆಗೆ ತಂತಿ ಇಳಿಯುತ್ತಿತ್ತು, ಪ್ರತಿ ಟೇಕಿಗೂ ಟ್ಯೂನ್ ಮಾಡಿದೆ. ಬೇಸ್ ಗಿಟಾರ್ ಒಂದೇ ರಾತ್ರಿಯಲ್ಲಿ ಮುಗಿಯಿತು.

ಹಾಡುವವನು ಹಟ್ಟಿಯವನು. ಅವರಪ್ಪ ಚಿನ್ನದ ಗಣಿಯಲ್ಲಿ ದುಡಿದವರು, ನಮ್ಮ ನಾಲ್ಕು ಹಾಡಲ್ಲಿ ಎರಡು ಆ ನೆಲದಡಿಯವೇ. ಕನ್ನಡದಲ್ಲಿ ಗ್ರೌಲ್ ಮಾಡೋದು, ಅಂದರೆ ಗಂಟಲಿನಿಂದ ಗುಡುಗುವ ಹಾಗೆ ಹಾಡೋದು, ಕಷ್ಟ ಅಂತಾರೆ. ಕನ್ನಡದ ಮಾತು ಹೆಚ್ಚಾಗಿ ಅ, ಇ, ಉ ತರಹದ ಸ್ವರದಲ್ಲೇ ಮುಗಿಯುತ್ತೆ, ಅದೇ ತೊಡಕು. ಮೊದಲು "ಕತ್ತಲೆಯೊಳಗೆ ಕಲ್ಲು ಕುಟ್ಟಿದರು" ಅಂತ ಬರೆದಿದ್ದ. ಹನ್ನೆರಡು ಅಕ್ಷರ, ರಿಫ್ ಮೇಲೆ ಕೂರಲೇ ಇಲ್ಲ, ಎಲ್ಲ ಜಾರುತ್ತಿತ್ತು. ಮನೆಯಲ್ಲಿ ಆಡುವ ಹಾಗೆ ಹೇಳು ಅಂದೆ. "ಕತ್ತಲಾಗ ಕಲ್ಲ ಕುಟ್ಯಾರ." ಒಂಬತ್ತೇ ಅಕ್ಷರ. ತ್ತ, ಲ್ಲ, ಟ್ಯಾ ಮೂರೂ ಸ್ನೇರ್ ಜೊತೆ ಬಂದು ಬಿದ್ದವು. ಕೊನೆಯ 'ಆರ' ಬಾಯಿ ತೆರೆದು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಆ ರಾತ್ರಿಯೇ ಉಳಿದ ಸಾಲುಗಳನ್ನೂ ನಮ್ಮ ಮಾತಿಗೆ ತಿರುಗಿಸಿದ. ಮೈಕನ್ನು ಕೈಯಲ್ಲಿ ಮುಚ್ಚಿ ಹಿಡಿಯೋದು ಬೇಡ ಅಂತ ಸ್ಟ್ಯಾಂಡಿಗೆ ಹಾಕಿದೆವು, ಮುಚ್ಚಿದರೆ ಮಾತು ಮಸುಕಾಗುತ್ತೆ.

ಮಿಕ್ಸಿಂಗ್ ನಮ್ಮ ಮನೆಯಲ್ಲಿ, ಮೂರು ವಾರ. ಗಿಟಾರಿನ 90 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ ಆ ಜಾಗ ಬೇಸ್ ಗಿಟಾರಿಗೂ ಕಿಕ್‌ಗೂ ಬಿಟ್ಟೆ. ಒಟ್ಟು 17 ನಿಮಿಷ. ಮೂವತ್ತು ಸಿಡಿ ಬರೆದೆವು, ಮೊದಲನೆಯದು ಕಾವಲುಗಾರ ಕಾಕಾಗೆ.

ಎರಡನೇ ಡೆಮೊಗೆ ಮೂರು ಹಾಡು ರೆಡಿ ಇವೆ. ಡಿಸೆಂಬರ್ ಚಳಿಯಲ್ಲಿ ಮಾಡಿದರೆ ತಂತಿ ಇಳಿಯಲ್ಲ ಅಂತ ಆಸೆ ಇತ್ತು, ಆದರೆ ಆಗ ಹತ್ತಿ ಸೀಸನ್, ಗೋದಾಮಿನಲ್ಲಿ ಕಾಲಿಡೋಕೂ ಜಾಗ ಇರಲ್ಲ. ಮತ್ತೆ ಮೇ ತಿಂಗಳೇ. ಈ ಸಲ ಅರ್ಥಿಂಗ್ ಗುಂಡಿಗೆ ಹಿಂದಿನ ದಿನವೇ ನೀರು ಹಾಕುತ್ತೀವಿ.