ಲೈಬ್ರರಿ ಡಾಕ್ಯುಮೆಂಟೇಶನ್‌ನಲ್ಲಿ ಒಂದು ವಿಷಯಕ್ಕೆ ಒಂದೇ ಹೆಸರು: ಹೇಗೆ ಮಾಡೋದು?

ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಅನ್ನೋ ಟೂಲ್ ಕಲಿಯೋಕೆ ಕೂತ ತುಂಬಾ ಜನ ತಡವರಿಸೋ ಜಾಗ ಒಂದಿದೆ. ಕಮಿಟ್ ಮಾಡೋಕೆ (ಅಂದ್ರೆ ಬದಲಾವಣೆಗಳನ್ನ ದಾಖಲಿಸೋಕೆ) ಮುಂಚೆ ನಮ್ಮ ಬದಲಾವಣೆಗಳನ್ನ ಒಂದು ಕಡೆ ಸೇರಿಸಿಡ್ತೀವಲ್ಲ, ಆ ಜಾಗಾನ ಒಂದು ಪುಟದಲ್ಲಿ ಇಂಡೆಕ್ಸ್ ಅಂತಾರೆ, ಇನ್ನೊಂದ್ರಲ್ಲಿ ಸ್ಟೇಜಿಂಗ್ ಏರಿಯಾ ಅಂತಾರೆ, ಕಮಾಂಡ್ ಹೊಡೆಯೋಕೆ ಹೋದ್ರೆ ಕ್ಯಾಶ್ಡ್ ಅನ್ನೋ ಆಪ್ಷನ್ ಎದುರಿಗೆ ಬರುತ್ತೆ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಗಿಟ್ ಶುರು ಮಾಡಿದಾಗ ಅದರ ಹೆಸರು ಕ್ಯಾಶ್ ಅಂತಿತ್ತು, ಆಮೇಲೆ ಇಂಡೆಕ್ಸ್ ಆಯ್ತು, ಹಳೇ ಹೆಸರು ಮಾತ್ರ ಆಪ್ಷನ್‌ಗಳಲ್ಲಿ ಹಾಗೇ ಉಳೀತು. ವ್ಯತ್ಯಾಸ ತೋರಿಸೋ ಗಿಟ್ ಡಿಫ್‌ಗೆ ಕ್ಯಾಶ್ಡ್ ಕೊಟ್ರೂ ಸ್ಟೇಜ್ಡ್ ಕೊಟ್ರೂ ಒಂದೇ ಕೆಲಸ. ಆದ್ರೆ ಪ್ಯಾಚ್ ಫೈಲಲ್ಲಿರೋ ಬದಲಾವಣೆಗಳನ್ನ ಹಾಕೋ ಗಿಟ್ ಅಪ್ಲೈಗೆ ಬಂದ್ರೆ ಇಂಡೆಕ್ಸ್ ಆಪ್ಷನ್ನೇ ಬೇರೆ, ಕ್ಯಾಶ್ಡ್ ಆಪ್ಷನ್ನೇ ಬೇರೆ: ಮೊದಲನೇದು ಇಂಡೆಕ್ಸ್ ಜೊತೆಗೆ ನಮ್ಮ ಫೈಲ್‌ಗಳನ್ನೂ ಬದಲಾಯಿಸುತ್ತೆ, ಎರಡನೇದು ಬರೀ ಇಂಡೆಕ್ಸನ್ನ. ಗಿಟ್‌ನ ಗ್ಲಾಸರಿಯಲ್ಲಿ (ಪದಗಳ ಅರ್ಥ ಕೊಡೋ ಪಟ್ಟಿ) ಕ್ಯಾಶ್ ಅನ್ನೋದು ಹಳೇ ಪದ, ಈಗ ಇಂಡೆಕ್ಸ್ ಅಂತ ಬರ್ದಿದ್ದಾರೆ ನಿಜ, ಆದ್ರೆ ಆಪ್ಷನ್‌ಗಳು ಜನರ ಸ್ಕ್ರಿಪ್ಟ್‌ಗಳಿಗೆ ಸೇರಿಹೋದ ಮೇಲೆ ಅವನ್ನ ಕೀಳೋದು ಆಗದ ಮಾತು. ಅದಕ್ಕೇ ನಿಮ್ಮ ಲೈಬ್ರರಿ (ಬೇರೆಯವರು ತಮ್ಮ ಪ್ರೋಗ್ರಾಮಲ್ಲಿ ಬಳಸೋ ಕೋಡ್) ಚಿಕ್ಕದಿದ್ದಾಗಲೇ, ಒಂದು ವಿಷಯಕ್ಕೆ ಒಂದೇ ಹೆಸರು ಇಡೋ ಈ ಕೆಲಸ ಮುಗಿಸ್ಕೊಳ್ಳಿ.

1. ಇರೋ ಪದಗಳನ್ನೆಲ್ಲ ಹೊರಗೆ ಎಳೀರಿ

ರೀಡ್‌ಮಿ, ಡಾಕ್‌ಸ್ಟ್ರಿಂಗ್ (ಕೋಡ್ ಒಳಗೇ ಬರೆಯೋ ವಿವರಣೆ), ಟ್ಯುಟೋರಿಯಲ್, ಉದಾಹರಣೆ ಕೋಡ್, ಎರರ್ ಮೆಸೇಜ್, ಎಲ್ಲದ್ರಲ್ಲೂ ಗ್ರೆಪ್ (ಫೈಲುಗಳಲ್ಲಿ ಪದ ಹುಡುಕೋ ಕಮಾಂಡ್) ಓಡಿಸಿ. ನಿಮ್ಮದು ಹಿನ್ನೆಲೆಯಲ್ಲಿ ಕೆಲಸ ಓಡಿಸೋ ಲೈಬ್ರರಿ ಅಂದ್ಕೊಳ್ಳಿ, ಒಬ್ರು ಜಾಬ್ ಅಂತ ಬರ್ದಿರ್ತಾರೆ, ಇನ್ನೊಬ್ರು ಟಾಸ್ಕ್ ಅಂತ, ಮತ್ತೊಬ್ರು ವರ್ಕ್ ಐಟಂ ಅಂತ. ಬರೆದವರಿಗೆ ಮೂರೂ ಒಂದೇ ಅಂತ ಗೊತ್ತು, ಹೊಸದಾಗಿ ಓದೋರು ಮಾತ್ರ ಇವು ಮೂರು ಬೇರೆ ಬೇರೆ ಅಂದ್ಕೊಂಡು ವ್ಯತ್ಯಾಸ ಹುಡುಕ್ತಾ ಕೂರ್ತಾರೆ.

2. ಕೋಡಲ್ಲಿ ಇರೋ ಹೆಸರಿಗೇ ಮೊದಲ ಮಣೆ

ಫಂಕ್ಷನ್ ಹೆಸರಲ್ಲಿ ಜಾಬ್ ಅಂತಿದ್ರೆ ಡಾಕ್ಯುಮೆಂಟೇಶನ್‌ನಲ್ಲೂ ಜಾಬ್. ಟಾಸ್ಕ್ ಅನ್ನೋದು ಕಿವಿಗೆ ಚೆನ್ನಾಗಿ ಕೇಳಿಸಿದ್ರೂ ಬೇಡ, ಯಾಕಂದ್ರೆ ಯೂಸರ್ ಟೈಪ್ ಮಾಡೋದು ಕೋಡಲ್ಲಿರೋದನ್ನ. ಮಷೀನ್ ಲರ್ನಿಂಗ್‌ಗೆ ಬಳಸೋ ಪೈಥಾನ್ ಲೈಬ್ರರಿ ಸೈಕಿಟ್-ಲರ್ನ್ ಇದನ್ನ ತುಂಬಾ ಚೆನ್ನಾಗಿ ಮಾಡಿದೆ. ಡೇಟಾದ ಒಂದೊಂದು ಸಾಲೂ ಸ್ಯಾಂಪಲ್, ಒಂದೊಂದು ಕಾಲಮ್ಮೂ ಫೀಚರ್, ಅರೇ (ಡೇಟಾ ಕೋಷ್ಟಕ) ಅಳತೆ ಹೇಳುವಾಗಲೂ ಎನ್-ಸ್ಯಾಂಪಲ್ಸ್, ಎನ್-ಫೀಚರ್ಸ್ ಅಂತಲೇ ಬರೀತಾರೆ. ಸ್ಟ್ಯಾಟಿಸ್ಟಿಕ್ಸ್ ಓದಿ ಬಂದವರು ಅದನ್ನೇ ಅಬ್ಸರ್ವೇಶನ್, ಪ್ರಿಡಿಕ್ಟರ್ ಅಂತಾರಲ್ಲ, ಆ ಹೆಸರುಗಳನ್ನ ಗ್ಲಾಸರಿಯಲ್ಲಿ "ಬೇರೆ ಕಡೆ ಹೀಗಂತಾರೆ" ಅಂತ ಹಾಕಿದ್ದಾರೆ. ಇದನ್ನ ನೀವೂ ಮಾಡಿ, ಬಿಟ್ಟ ಪದಗಳಿಗೂ ಗ್ಲಾಸರಿಯಲ್ಲಿ ಜಾಗ ಇದ್ರೆ ಹುಡುಕೋರಿಗೆ ದಾರಿ ಸಿಗುತ್ತೆ.

3. ಎರಡು ವಿಷಯಕ್ಕೆ ಒಂದೇ ಪದ ಇದ್ಯಾ ನೋಡಿ

ಇದು ಇನ್ನೂ ಕೆಟ್ಟದ್ದು, ಗ್ರೆಪ್‌ಗೆ ಸಿಗೋದೂ ಇಲ್ಲ. ಪೈಥಾನ್‌ನಲ್ಲಿ ಪ್ಯಾರಾಮೀಟರ್ ಅಂದ್ರೆ ಫಂಕ್ಷನ್ ಬರೆಯುವಾಗ ಕೊಡೋ ಹೆಸರು, ಆರ್ಗ್ಯುಮೆಂಟ್ ಅಂದ್ರೆ ಕರೆಯುವಾಗ ಕಳ್ಸೋ ವ್ಯಾಲ್ಯೂ, ಜನ ಎರಡನ್ನೂ ಕಲಸ್ತಾರೆ ಅಂತ ಪೈಥಾನ್‌ನ ಎಫ್‌ಎಕ್ಯೂನಲ್ಲಿ (ಪದೇ ಪದೇ ಕೇಳೋ ಪ್ರಶ್ನೆಗಳ ಪುಟ) ಇದಕ್ಕೇ ಒಂದು ಪ್ರಶ್ನೆ ಇಟ್ಟಿದ್ದಾರೆ. ಇಂಥ ಜೋಡಿಗಳನ್ನ ಗ್ಲಾಸರಿಯಲ್ಲಿ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಬರೀರಿ.

4. ತಿದ್ದುವಾಗ ಕಣ್ಮುಚ್ಚಿ ರಿಪ್ಲೇಸ್ ಮಾಡ್ಬೇಡಿ

ಟಾಸ್ಕ್ ಅನ್ನೋದನ್ನೆಲ್ಲ ಜಾಬ್ ಮಾಡ್ಬಿಟ್ರೆ ಪೈಥಾನ್ ಜೊತೆಗೇ ಬರೋ ಅಸಿಂಕ್-ಐಒ ಲೈಬ್ರರಿಯ ಟಾಸ್ಕ್ ಬಗ್ಗೆ ಬರೆದಿರೋ ಸಾಲೂ ಕೆಟ್ಟುಹೋಗುತ್ತೆ, ಅದು ಪೈಥಾನ್‌ದೇ ಹೆಸರು. ಹಳೇ ರಿಲೀಸ್ ನೋಟ್ಸ್ ಮುಟ್ಬೇಡಿ. ಹೆಡಿಂಗ್ ಬದಲಾದ್ರೆ ಅದಕ್ಕಿದ್ದ ಲಿಂಕ್ ಮುರಿಯುತ್ತೆ, ನೋಡ್ಕೊಳ್ಳಿ. ಒಂದು ಪದಕ್ಕೆ ಒಂದು ಕಮಿಟ್, ರಿವ್ಯೂ ಮಾಡೋರಿಗೂ ಸುಲಭ.

ಇನ್ನೊಂದು, ಸ್ಕೂಲಲ್ಲಿ ಪ್ರಬಂಧ ಬರೆಯುವಾಗ ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಕಲ್ಸಿರ್ತಾರೆ, ಇಲ್ಲಿ ಅದನ್ನ ಬಿಟ್ಬಿಡಿ. ಒಂದು ಪ್ಯಾರಾದಲ್ಲಿ ಜಾಬ್ ಆರು ಸಲ ಬಂದ್ರೂ ಬರ್ಲಿ.

5. ಕಾಯೋ ಕೆಲಸ ಟೂಲ್‌ಗೆ ಕೊಡಿ

ಡಾಕ್ಯುಮೆಂಟೇಶನ್ ಪುಟಗಳನ್ನ ತಯಾರಿಸೋ ಸ್ಫಿಂಕ್ಸ್ ಟೂಲ್ ಬಳಸ್ತಿದ್ರೆ ಅದರಲ್ಲೇ ಗ್ಲಾಸರಿ ಸೌಲಭ್ಯ ಇದೆ, ಗ್ಲಾಸರಿಯಲ್ಲಿ ಇಲ್ಲದ ಪದಕ್ಕೆ ಲಿಂಕ್ ಕೊಟ್ರೆ ವಾರ್ನಿಂಗ್ ಬರುತ್ತೆ, ವಾರ್ನಿಂಗ್ ಬಂದ್ರೆ ಬಿಲ್ಡ್ ನಿಲ್ಲೋ ಹಾಗೂ ಮಾಡ್ಬಹುದು. ಬರಹದ ಪದಗಳನ್ನ ಪರೀಕ್ಷಿಸೋ ವೇಲ್ ಅನ್ನೋ ಟೂಲಲ್ಲಿ ಈ ಪದ ಕಂಡ್ರೆ ಆ ಪದ ಸೂಚಿಸು ಅಂತ ಯಾಮಲ್ ಫೈಲಲ್ಲಿ (ಸೆಟ್ಟಿಂಗ್ಸ್ ಬರೆಯೋ ಫೈಲ್) ರೂಲ್ ಬರ್ದು ಸಿಐಗೆ (ಪ್ರತಿ ಬದಲಾವಣೆಯನ್ನೂ ತಾನಾಗೇ ಪರೀಕ್ಷಿಸೋ ವ್ಯವಸ್ಥೆ) ಸೇರಿಸಿ. ಮೊದಲು ವಾರ್ನಿಂಗ್ ಆಗಿ ಇಡಿ, ಹಳೇ ಪುಟಗಳೆಲ್ಲ ಸರಿಯಾದ ಮೇಲೆ ಎರರ್ ಮಾಡಿ, ಇಲ್ಲಾಂದ್ರೆ ಟೀಮಿನವರು ಬೇಜಾರಾಗಿ ಟೂಲನ್ನೇ ಆಫ್ ಮಾಡ್ತಾರೆ.

6. ಫಂಕ್ಷನ್ ಹೆಸರೇ ಬದಲಾಗ್ಬೇಕಾದ್ರೆ

ಡೇಟಾ ವಿಶ್ಲೇಷಣೆಯ ಪೈಥಾನ್ ಲೈಬ್ರರಿ ಪಾಂಡಾಸ್‌ನಲ್ಲಿ ಖಾಲಿ ವ್ಯಾಲ್ಯೂ ಹುಡುಕೋಕೆ ಮೊದ್ಲು ಈಸ್‌ನಲ್ ಇತ್ತು, 2017ರಲ್ಲಿ ಈಸ್‌ಎನ್ಎ ಬಂತು, ಹಳೇದು ಇವತ್ತಿಗೂ ಅಲಿಯಾಸ್ (ಅದೇ ಫಂಕ್ಷನ್ನಿನ ಇನ್ನೊಂದು ಹೆಸರು) ಆಗಿ ಕೆಲಸ ಮಾಡುತ್ತೆ. ಹೀಗೆ ಹಳೇ ಕೋಡ್ ಮುರೀದೆ ಹೊಸ ಹೆಸರು ತನ್ನಿ, ಆದ್ರೆ ಉದಾಹರಣೆಗಳಲ್ಲೆಲ್ಲ ಹೊಸದನ್ನೇ ತೋರ್ಸಿ, ಹಳೇದರ ಪುಟದಲ್ಲಿ ಇದು ಅದರ ಅಲಿಯಾಸ್ ಅಂತ ಒಂದು ಸಾಲು ಸಾಕು.

7. ಎರರ್ ಮೆಸೇಜ್ ಮರೀಬೇಡಿ

ಅದು ಕೋಡ್ ಒಳಗಿರೋದ್ರಿಂದ ಡಾಕ್ಯುಮೆಂಟೇಶನ್ ನೋಡ್ಕೊಳ್ಳೋರ ಕಣ್ಣಿಗೆ ಬೀಳಲ್ಲ. ಆದ್ರೆ ತೊಂದರೆಯಲ್ಲಿರೋ ಯೂಸರ್ ಸರ್ಚ್‌ಗೆ ಹಾಕೋದು ಅದನ್ನೇ, ಮೆಸೇಜಲ್ಲಿ ಟಾಸ್ಕ್ ಅಂತಿದ್ದು ನಿಮ್ಮ ಪುಟಗಳಲ್ಲೆಲ್ಲ ಜಾಬ್ ಅಂತಿದ್ರೆ ಅವರಿಗೆ ಬೇಕಾದ ಪುಟ ಸಿಗೋದೇ ಕಷ್ಟ. ಹೊಸ ಎರರ್ ಸೇರಿಸೋ ಪ್ರತಿ ಪುಲ್ ರಿಕ್ವೆಸ್ಟ್‌ನಲ್ಲೂ (ಕೋಡ್ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಮೆಸೇಜಿನ ಪದಗಳನ್ನ ಗ್ಲಾಸರಿ ಜೊತೆ ಹೋಲಿಸಿ ನೋಡೋಕೆ ರಿವ್ಯೂ ಚೆಕ್‌ಲಿಸ್ಟಲ್ಲಿ ಒಂದು ಸಾಲು ಸೇರಿಸಿ.